ಬೀಗವೋ ಕಟ್ಟೋ: ಲಿನಕ್ಸಿನ ಲಾಕ್ ಕೈಪಿಡಿಯ ಒಂದು ವಿಮರ್ಶೆ

೧

ಶಾಸ್ತ್ರಗ್ರಂಥವೊಂದು ಹೇಳುವ ವಿಷಯದ ಸತ್ಯಾಸತ್ಯವನ್ನು ನಿರ್ಣಯಿಸುವುದು ಆಯಾ ಶಾಸ್ತ್ರಜ್ಞರ ಕೆಲಸ. ಆದರೆ ಅದು ಹೇಳುವ ಕ್ರಮವನ್ನೂ ಬಳಸುವ ಸಂಜ್ಞೆಗಳನ್ನೂ ಪರಿಶೀಲಿಸುವ ಅಧಿಕಾರವು ಸಾಹಿತ್ಯಾಭ್ಯಾಸಿಗಳಿಗೂ ಉಂಟು. ಕೇಶಿರಾಜನ ಶಬ್ದಮಣಿದರ್ಪಣವನ್ನು ನಾವು ವ್ಯಾಕರಣವೆಂದು ಓದುವುದರ ಜೊತೆಗೆ, ಸೂತ್ರ, ವೃತ್ತಿ, ಪ್ರಯೋಗಗಳನ್ನು ಹೊಂದಿಸಿದ ಒಂದು ರಚನೆಯೆಂದೂ ಓದುತ್ತೇವಷ್ಟೆ. ಅದೇ ನ್ಯಾಯದಿಂದ ಗಣಕಶಾಸ್ತ್ರದ ಒಂದು ಕೈಪಿಡಿಯನ್ನು ಇಲ್ಲಿ ವಿಮರ್ಶೆಗೆ ತೆಗೆದುಕೊಳ್ಳಲಾಗಿದೆ.

ಗಣಕಯಂತ್ರದ ಪ್ರೊಸೆಸರು, ಸ್ಮೃತಿ, ಜಾಲದ ಕಾರ್ಡು ಮುಂತಾದವುಗಳನ್ನು ಆಳುವ ಮೂಲ ಕಾರ್ಯಕ್ರಮಕ್ಕೆ ಕರ್ನೆಲ್ ಎಂದು ಹೆಸರು. ೧೯೯೧ರಲ್ಲಿ ಲಿನಸ್ ಟೊರ್ವಾಲ್ಡ್ಸರು ಆರಂಭಿಸಿದ ಲಿನಕ್ಸ್ ಅಂಥ ಒಂದು ಕರ್ನೆಲ್. ಅದರ ಮೂಲಪಾಠದ ಜೊತೆಯಲ್ಲಿಯೇ ಹಂಚಲ್ಪಡುವ ಗ್ರಂಥಗಳಲ್ಲಿ ರಸ್ಟಿ ರಸೆಲ್ ಎಂಬ ಆಸ್ಟ್ರೇಲಿಯದ ವಿದ್ವಾಂಸರು ಬರೆದ ಲಾಕ್ ಕೈಪಿಡಿಯೊಂದಿದೆ. ಗ್ರಂಥಕರ್ತರು ವಿನೋದಕ್ಕಾಗಿ ಅದನ್ನು ‘ನೆಚ್ಚಲಾಗದ ಕೈಪಿಡಿ’ ಎಂದು ಕರೆದಿದ್ದರೂ ಕರ್ನೆಲ್ ಬರೆಯುವವರು ಬಹುಕಾಲದಿಂದ ನೆಚ್ಚಿಕೊಂಡು ಬಂದಿರುವುದು ಅದನ್ನೇ.

ಇದರ ವಿಮರ್ಶೆ ಕನ್ನಡಿಗರಿಗೇಕೆ ಎಂದು ಕೇಳಬಹುದು. ಸಿರುಗುಪ್ಪ, ಕುರುಗೋಡುಗಳ ಕನ್ನಡ ಶಾಲೆಗಳಲ್ಲಿ ಓದಿ ಬಳ್ಳಾರಿಯ ಇಂಜಿನಿಯರಿಂಗ್ ಕಾಲೇಜುಗಳನ್ನು ಸೇರುವ ವಿದ್ಯಾರ್ಥಿಗಳಿಗೆ ಈ ಶಾಸ್ತ್ರವು ಎದುರಾಗುವುದು ಇಂಗ್ಲಿಷಿನ ವಿಧಿನಿಷೇಧಗಳ ಪಟ್ಟಿಯಾಗಿ. ಕಾರಣವನ್ನರಿಯದೆ ಪಟ್ಟಿಯನ್ನು ಬಾಯಿಪಾಠ ಮಾಡಿದವನು ಪರೀಕ್ಷೆಯಲ್ಲಿ ಉತ್ತೀರ್ಣನಾದಾನು. ಪಟ್ಟಿಯಲ್ಲಿಲ್ಲದ ಸಂದರ್ಭ ಬಂದಾಗ ಅವನ ಗತಿಯೇನು? ಕಾರಣವನ್ನು ತಾಯ್ನುಡಿಯಲ್ಲಿ ಹೇಳಬೇಕಾದರೆ ಮೊದಲು ಸಂಜ್ಞೆಗಳು ಸರಿಯಾಗಿರಬೇಕು. ಸಂಜ್ಞೆ ತಪ್ಪಿದರೆ ಅರ್ಥವೂ ತಪ್ಪುವುದು. ಇಲ್ಲಿಯ ವಿಚಾರವೆಲ್ಲ ಈ ಒಂದು ಮಾತನ್ನು ಹಿಡಿದೇ ನಡೆಯುವುದು.

೨

ಮೊದಲು ಪ್ರಮೇಯವನ್ನು ತಿಳಿಯೋಣ. ಜಾಲದಿಂದ ಸಂದೇಶಗಳು ಪ್ಯಾಕೆಟ್ ಎಂಬ ತುಂಡುಗಳಾಗಿ ಬರುತ್ತವೆ. ಪ್ಯಾಕೆಟ್ ಬಂದಾಗ ಜಾಲದ ಕಾರ್ಡು ಪ್ರೊಸೆಸರಿನ ಕೈಯಲ್ಲಿರುವ ಕೆಲಸವನ್ನು ತಡೆದು ತನ್ನ ಕಡೆಗೆ ಕರೆಯುತ್ತದೆ. ಇದು ಇಂಟರಪ್ಟ್. ಆ ಕ್ಷಣದಲ್ಲಿಯೇ ಪ್ಯಾಕೆಟಿನ ಸಮಸ್ತ ವಿಚಾರಣೆಯನ್ನೂ ಮುಗಿಸಹೊರಟರೆ ಬೇರೆ ಕರೆಗಳಿಗೆ ಓಗೊಡುವವರೇ ಇಲ್ಲವಾಗುತ್ತದೆ. ಆದುದರಿಂದ ಅವಶ್ಯವಾದಷ್ಟನ್ನು ಮಾತ್ರ ಆಗಲೇ ಮಾಡಿ ಉಳಿದುದನ್ನು ತುಸು ಹೊತ್ತಿಗೆ ಮುಂದೂಡುವುದು ಪದ್ಧತಿ. ತಾಲ್ಲೂಕು ಕಚೇರಿಯಲ್ಲಿ ಟಪಾಲು ಬಂದಾಗ ಗುಮಾಸ್ತನು ಸಹಿ ಹಾಕಿ, ಆವಕ ವಹಿಯಲ್ಲಿ ನಮೂದಿಸಿ, ಕಾಗದವನ್ನು ಸಂಬಂಧಪಟ್ಟ ಮೇಜಿಗೆ ಕಳುಹಿಸುತ್ತಾನೆ. ಪ್ರತಿಯೊಂದು ಅರ್ಜಿಯನ್ನೂ ಬಾಗಿಲಲ್ಲಿಯೇ ಇತ್ಯರ್ಥ ಮಾಡತೊಡಗಿದರೆ ಅಂಚೆಯವನು ಸಂಜೆಯವರೆಗೆ ನಿಂತಿರಬೇಕಾದೀತು.

ಮೀಮಾಂಸಕರಿಗೆ ಈ ವಿಷಯ ಹೊಸದಲ್ಲ. ಜೈಮಿನಿಸೂತ್ರಗಳ ಐದನೆಯ ಅಧ್ಯಾಯವೆಲ್ಲ ಕ್ರಮದ ವಿಚಾರವೇ. ಅಂಗಕರ್ಮವನ್ನು ಅದರ ಸ್ಥಾನದಿಂದ ಮುಂದಕ್ಕೆ ಒಯ್ಯುವುದು ಉತ್ಕರ್ಷ, ಹಿಂದಕ್ಕೆ ತರುವುದು ಅಪಕರ್ಷ. ಲಿನಕ್ಸಿನಲ್ಲಿ ಈ ಉತ್ಕರ್ಷಕ್ಕೆ ಮೊದಲಿದ್ದ ಸಾಧನವು ‘ಬಾಟಮ್ ಹಾಫ್’ ಎಂಬುದು. ಅಂಥವು ೩೨ ಮಾತ್ರ. ಯಂತ್ರದಲ್ಲಿ ಎಷ್ಟೇ ಪ್ರೊಸೆಸರುಗಳಿದ್ದರೂ ಒಂದು ಕಾಲದಲ್ಲಿ ಅವುಗಳಲ್ಲಿ ಒಂದೇ ನಡೆಯತಕ್ಕದ್ದು. ೨೦೦೧ರ ಜನವರಿಯಲ್ಲಿ ಹೊರಬಂದ ೨.೪ನೆಯ ಆವೃತ್ತಿಯು ಸಾಫ್ಟ್‌ಐಆರ್‌ಕ್ಯೂ ಎಂಬ ಬೇರೊಂದು ಸಾಧನವನ್ನು ತಂದಿತು. ಜಾಲದ ಕೆಲಸಕ್ಕೆ ಅದರಲ್ಲಿ ಎರಡು ವಿಭಾಗಗಳು: ಕಳುಹಿಸುವುದಕ್ಕೆ ಒಂದು, ಬರಮಾಡಿಕೊಳ್ಳುವುದಕ್ಕೆ ಒಂದು. ಇದರಲ್ಲಿ ಒಂದೇ ಕೆಲಸವು ಏಕಕಾಲದಲ್ಲಿ ಹಲವು ಪ್ರೊಸೆಸರುಗಳ ಮೇಲೆ ನಡೆಯಬಹುದು. ವೇಗ ಹೆಚ್ಚಿತು, ಜೊತೆಗೆ ಅಪಾಯವೂ ಹೆಚ್ಚಿತು. ಇಬ್ಬರು ಒಂದೇ ಲೆಕ್ಕವನ್ನು ಏಕಕಾಲದಲ್ಲಿ ತಿದ್ದಿದರೆ ಒಬ್ಬನ ತಿದ್ದುಪಡಿ ಅಳಿಯುತ್ತದೆ. ಐದನ್ನು ಇಬ್ಬರೂ ಓದಿಕೊಂಡು ಒಂದೊಂದನ್ನು ಕೂಡಿಸಿ ಇಬ್ಬರೂ ಆರು ಎಂದು ಬರೆದರೆ, ಏಳಾಗಬೇಕಾದುದು ಆರೇ ಆಗಿ ಉಳಿಯುವುದಷ್ಟೆ. ಕೈಪಿಡಿಯು ತನ್ನ ಶಾಸ್ತ್ರವನ್ನು ಇಂಥದೇ ಒಂದು ಚಿಕ್ಕ ಲೆಕ್ಕದಿಂದ ಆರಂಭಿಸುತ್ತದೆ. ಉಪಕ್ರಮವು ಉಚಿತವಾಗಿದೆ.

೩

ಈ ಅಪಾಯಕ್ಕೆ ಪರಿಹಾರವಾಗಿ ಹೇಳಿರುವುದು ಲಾಕ್. ಈ ಶಬ್ದ ಕಿವಿಗೆ ಬಿದ್ದೊಡನೆ ನಮ್ಮವರು ಬೀಗವೆನ್ನುವುದು ಸಹಜವೇ. ಆದರೆ ವಿಚಾರಿಸಿ ನೋಡಿದರೆ ಇದರಲ್ಲಿ ಬೀಗದ ಲಕ್ಷಣವೊಂದೂ ಇಲ್ಲ. ಬೀಗವು ಕೇಳದೆ ಬಂದವನನ್ನೂ ತಡೆಯುತ್ತದೆ; ಅದಿರುವುದೇ ಕಳ್ಳನಿಗಾಗಿ. ಕರ್ನೆಲಿನ ಲಾಕ್ ಎಂಬುದಾದರೋ ಸ್ಮೃತಿಯಲ್ಲಿರುವ ಒಂದು ಗುರುತು ಮಾತ್ರ. ಅದನ್ನು ವಿಚಾರಿಸಿ ಬಂದವನಿಗೆ ಅದು ತಡೆ. ವಿಚಾರಿಸದೆ ದತ್ತಾಂಶಕ್ಕೆ ಕೈಹಾಕಿದವನಿಗೆ ಅದು ಇಲ್ಲದಂತೆಯೇ. ಎಲ್ಲರೂ ವಿಚಾರಿಸಿಯೇ ಬರುತ್ತಾರೆಂಬ ಒಪ್ಪಂದವೇ ಅದರ ಬಲವೆಲ್ಲ.

ಸಿರುಗುಪ್ಪದ ಸೀಮೆಯವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ವಿಜಯನಗರದರಸರ ಕಾಲದ ಕಾಲುವೆಗಳುಂಟು. ೧೯೫೩ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಬಲದಂಡೆಯ ಕೆಳಮಟ್ಟದ ಕಾಲುವೆಯೂ ಉಂಟು. ನೀರು ಕಡಿಮೆಯಾದಾಗ ಸರದಿ ಏರ್ಪಡುತ್ತದೆ. ಸರದಿಯಿಲ್ಲದವನು ಗುದ್ದಲಿ ಹಿಡಿದು ರಾತ್ರಿ ಕಾಲುವೆಯ ಏರಿಯನ್ನು ಕಡಿದರೆ ನೀರೇನೂ ಹರಿಯಲೊಲ್ಲೆನೆನ್ನದು. ಕೊನೆಯಂಚಿನ ರೈತನ ಗದ್ದೆಯನ್ನು ಉಳಿಸುವುದು ತೂಬಿನ ಕಬ್ಬಿಣವಲ್ಲ. ಊರವರು ಒಪ್ಪಿ ನಡೆಸುವ ಕಟ್ಟು. ಮೇಲಿನ ಒಬ್ಬನು ಕಟ್ಟು ಮುರಿದರೆ ಉಳಿದ ನೂರು ಜನ ಪಾಲಿಸಿದುದೂ ವ್ಯರ್ಥ.

ಸಂಸ್ಕೃತದಲ್ಲಿ ಇದಕ್ಕೆ ಸಮಯ ಎಂಬ ಶಬ್ದವುಂಟು. ಕವಿಸಮಯವೆನ್ನುವಾಗ ನಮ್ಮ ಆಲಂಕಾರಿಕರು ಹೇಳುವುದೂ ಸರ್ವಸಮ್ಮತವಾದ ಸಂಕೇತವನ್ನೇ. ಆದರೆ ಇಂದಿನ ಕನ್ನಡದಲ್ಲಿ ಸಮಯವೆಂದರೆ ಹೊತ್ತು, ವಿದ್ಯಾರ್ಥಿಗೆ ಭ್ರಾಂತಿಯಾಗುತ್ತದೆ. ಇತ್ತ ಕಟ್ಟು ಎಂಬ ಅಚ್ಚಕನ್ನಡ ಶಬ್ದದಲ್ಲಿ ಬಂಧನ, ನಿಯಮ ಎಂಬೆರಡು ಅರ್ಥಗಳೂ ಸೇರಿವೆ. ಕಟ್ಟುಪಾಡು, ಕಟ್ಟಳೆಗಳು ಇದರ ಬಳಗದವೇ. ‘ಕಟ್ಟು ಹಿಡಿ’, ‘ಕಟ್ಟು ಬಿಡು’ ಎಂದರೆ ಕ್ರಿಯಾಪದಗಳೂ ಸುಲಭವಾಗಿ ಒದಗುತ್ತವೆ. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವನು ಅಚ್ಚಗನ್ನಡದ ಪಕ್ಷವನ್ನು ವಹಿಸುವುದು ಕೆಲವರಿಗೆ ಸೋಜಿಗವೆನಿಸಬಹುದು. ಶಬ್ದವು ಯಾವ ಮನೆಯದೆಂಬುದಕ್ಕಿಂತ ಅರ್ಥವನ್ನು ಹೊರಬಲ್ಲುದೇ ಎಂಬುದು ಮುಖ್ಯ. ಮುಂದೆ ಈ ಶಬ್ದವನ್ನೇ ಬಳಸಲಾಗುವುದು.

ಬೀಗವೆಂದವನು ಕಾಯುವುದು ಬಾಗಿಲನ್ನು. ಆದುದರಿಂದ ಬೀಗವೆಂದು ಕಲಿತವನು ತನ್ನ ಕಾರ್ಯಕ್ರಮದ ಸಾಲುಗಳಿಗೆ ಬೀಗ ಹಾಕಿದೆನೆಂದು ನೆಮ್ಮದಿಯಿಂದಿರುತ್ತಾನೆ. ಅದೇ ದತ್ತಾಂಶವನ್ನು ಬೇರೆ ಸಾಲುಗಳು ಮುಟ್ಟುವುದನ್ನು ಗಮನಿಸುವುದಿಲ್ಲ. ಕಟ್ಟೆಂದು ಕಲಿತವನಾದರೋ ‘ಯಾವ ವಸ್ತುವಿನ ವಿಷಯವಾಗಿ, ಯಾರುಯಾರ ನಡುವೆ’ ಎಂದು ಮೊದಲೇ ಕೇಳುತ್ತಾನೆ. ಸಂಜ್ಞೆಯ ಫಲವೆಂದರೆ ಇದು.

೪

ಯಾರುಯಾರ ನಡುವೆ ಎಂಬ ಪ್ರಶ್ನೆಯೇ ಈ ಶಾಸ್ತ್ರದ ಜೀವಾಳ. ಇಲ್ಲಿ ಕರ್ತೃಗಳು ಮೂರು ಬಗೆ. ಬಳಕೆದಾರನ ಪರವಾಗಿ ನಡೆಯುವ ಪ್ರೋಸೆಸ್ ಎಂಬುದು ಒಂದು. ಅದು ಬೇಕಾದರೆ ನಿದ್ರಿಸಿ ಕಾಯಬಲ್ಲುದು. ಎರಡನೆಯದು ಸಾಫ್ಟ್‌ಐಆರ್‌ಕ್ಯೂ, ಅದು ನಿದ್ರಿಸಲಾರದು. ಮೂರನೆಯದು ಇಂಟರಪ್ಟ್, ಅದು ಎರಡನ್ನೂ ತಡೆಯಬಲ್ಲುದು, ತಾನೂ ನಿದ್ರಿಸಲಾರದು. ಕಟ್ಟುಗಳಲ್ಲಿಯೂ ಮುಖ್ಯವಾಗಿ ಎರಡು ಬಗೆ. ಮ್ಯೂಟೆಕ್ಸ್ ಎಂಬುದರಲ್ಲಿ ಕಾಯುವವನು ನಿದ್ರಿಸುತ್ತಾನೆ. ಸ್ಪಿನ್‌ಲಾಕ್ ಎಂಬುದರಲ್ಲಿ ಬಿಟ್ಟರೋ ಬಿಟ್ಟರೋ ಎಂದು ನಿಂತಲ್ಲಿಯೇ ಸುತ್ತುತ್ತಿರುತ್ತಾನೆ.

ಪ್ರೋಸೆಸ್ಸು ಒಂದು ಸ್ಪಿನ್‌ಲಾಕನ್ನು ಹಿಡಿದಿದೆಯೆನ್ನೋಣ. ಆಗಲೇ ಅದೇ ಪ್ರೊಸೆಸರಿನ ಮೇಲೆ ಸಾಫ್ಟ್‌ಐಆರ್‌ಕ್ಯೂ ಎದ್ದು ಅದೇ ಕಟ್ಟನ್ನು ಬಯಸಿತು. ಹಿಡಿದವನು ಮುಂದುವರಿದರಲ್ಲವೆ ಬಿಡುವುದು? ಬಯಸುವವನು ಸುತ್ತುವುದನ್ನು ನಿಲ್ಲಿಸದೆ ಹಿಡಿದವನು ಮುಂದುವರಿಯಲಾರ. ಹೀಗೆ ಇಬ್ಬರೂ ಎಂದೆಂದಿಗೂ ನಿಲ್ಲುತ್ತಾರೆ. ತಾರ್ಕಿಕರ ಅನ್ಯೋನ್ಯಾಶ್ರಯದೋಷವು ಇಲ್ಲಿ ಯಂತ್ರವನ್ನೇ ಕೊಲ್ಲುತ್ತದೆ. ಆದುದರಿಂದ ಸಾಫ್ಟ್‌ಐಆರ್‌ಕ್ಯೂವಿನೊಡನೆ ದತ್ತಾಂಶವನ್ನು ಹಂಚಿಕೊಳ್ಳುವ ಪ್ರೋಸೆಸ್ಸು ಕಟ್ಟನ್ನು ಹಿಡಿಯುವ ಮೊದಲು ತನ್ನ ಪ್ರೊಸೆಸರಿನಲ್ಲಿ ಸಾಫ್ಟ್‌ಐಆರ್‌ಕ್ಯೂವನ್ನು ತಡೆಹಿಡಿಯಬೇಕು. ಇಂಟರಪ್ಟಿನೊಡನೆ ಹಂಚಿಕೊಳ್ಳುವುದಾದರೆ ಇಂಟರಪ್ಟನ್ನೇ ತಡೆಹಿಡಿಯಬೇಕು. ಕೈಪಿಡಿಯು ಇದನ್ನೆಲ್ಲ ಒಂದು ಕೋಷ್ಟಕದಲ್ಲಿ ಅಡಕಮಾಡಿದೆ. ಅದೇ ಅದರ ಸೂತ್ರಪಾಠ. ಕೋಷ್ಟಕದ ಹಿಂದಿರುವ ಕಾರಣವನ್ನು ಮಾತ್ರ ಒಂದೇ ವಾಕ್ಯದಲ್ಲಿ ಹೇಳಬಹುದು: ಕಾಯಲಾರದವನು ಬಯಸಬಹುದಾದ ಕಟ್ಟನ್ನು ಹಿಡಿಯುವವನು, ಅವನು ಬಾರದಂತೆ ಮೊದಲು ನೋಡಿಕೊಳ್ಳತಕ್ಕದ್ದು. ಈ ವಾಕ್ಯವನ್ನರಿತವನಿಗೆ ಕೋಷ್ಟಕವು ತಾನಾಗಿ ಒದಗುತ್ತದೆ.

ಎರಡು ಕಟ್ಟುಗಳನ್ನು ಇಬ್ಬರು ವಿರುದ್ಧ ಕ್ರಮದಲ್ಲಿ ಹಿಡಿದಾಗಲೂ ಇದೇ ದೋಷ ಬರುವುದು. ಇಬ್ಬರು ಗುಮಾಸ್ತರಲ್ಲಿ ಒಬ್ಬೊಬ್ಬನ ಬಳಿ ಒಂದೊಂದು ಕಡತವಿದ್ದು, ಮತ್ತೊಬ್ಬನದು ಬಂದ ಹೊರತು ತನ್ನದನ್ನು ಕೊಡೆನೆಂದು ಕುಳಿತಂತೆ. ಎಲ್ಲರೂ ಒಂದೇ ಕ್ರಮದಲ್ಲಿ ಹಿಡಿಯಬೇಕೆಂಬುದೇ ಪರಿಹಾರ. ೨೦೦೬ರಲ್ಲಿ ಇಂಗೊ ಮೊಲ್ನಾರರು ರಚಿಸಿದ ಲಾಕ್‌ಡೆಪ್ ಎಂಬ ಸಾಧನವು ಈ ಕ್ರಮವನ್ನು ಗಮನಿಸುತ್ತಿದ್ದು, ಅನರ್ಥವು ಇನ್ನೂ ಸಂಭವಿಸದಿರುವಾಗಲೇ ಅದು ಸಂಭವಿಸಬಹುದೆಂದು ಎಚ್ಚರಿಸುತ್ತದೆ.

೫

ಕಟ್ಟು, ಮುಂದೂಡಿಕೆ ಇವೆರಡೂ ಒಂದಾಗಿ ಸೇರಿರುವ ಸ್ಥಾನವೆಂದರೆ ಸಾಕೆಟ್. ಜಾಲದ ಕಡೆಗೂ ಬಳಕೆದಾರನ ಕಡೆಗೂ ಮುಖಮಾಡಿರುವ ವಸ್ತು ಅದು. ಪ್ರೋಸೆಸ್ಸು ಸಾಕೆಟಿನಿಂದ ಓದುತ್ತಿರುವಾಗ ನಡುವೆ ನಿದ್ರಿಸಬೇಕಾಗಬಹುದು. ಆದುದರಿಂದ ಅಷ್ಟು ಹೊತ್ತೂ ಸ್ಪಿನ್‌ಲಾಕನ್ನು ಹಿಡಿದಿರುವಂತಿಲ್ಲ. ಇತ್ತ ಪ್ಯಾಕೆಟ್ ತರುವ ಸಾಫ್ಟ್‌ಐಆರ್‌ಕ್ಯೂ ಕಾಯುವಂತಿಲ್ಲ. ಈ ವಿರೋಧಕ್ಕೆ ಲಿನಕ್ಸಿನ ಜಾಲಭಾಗವು ಕಂಡುಕೊಂಡ ಸಮಾಧಾನವು ಮನೋಹರವಾಗಿದೆ. ಪ್ರೋಸೆಸ್ಸು ಸ್ಪಿನ್‌ಲಾಕನ್ನು ಕ್ಷಣಕಾಲ ಹಿಡಿದು ‘ಇದು ಈಗ ನನ್ನದು’ ಎಂಬ ಗುರುತನ್ನು ಬರೆದು ಅದನ್ನು ಬಿಟ್ಟುಬಿಡುತ್ತದೆ. ಬಳಿಕ ಬಂದ ಸಾಫ್ಟ್‌ಐಆರ್‌ಕ್ಯೂ ಕ್ಷಣಕಾಲ ಅದೇ ಕಟ್ಟನ್ನು ಹಿಡಿದು ಗುರುತನ್ನು ನೋಡುತ್ತದೆ. ಸಾಕೆಟ್ ಯಾರದೂ ಅಲ್ಲದಿದ್ದರೆ ತಾನೇ ಕೆಲಸ ಮುಗಿಸುತ್ತದೆ. ಯಾರದಾದರೂ ಆಗಿದ್ದರೆ ಪ್ಯಾಕೆಟನ್ನು ಸಾಕೆಟಿನ ಬಾಕಿಯಲ್ಲಿಟ್ಟು ಹೊರಡುತ್ತದೆ. ಒಡೆಯನು ಸಾಕೆಟನ್ನು ಬಿಡುವ ಮೊದಲು ಆ ಬಾಕಿಯನ್ನು ತಾನೇ ತೀರಿಸಿ ಆ ಮೇಲೆ ಗುರುತನ್ನು ಅಳಿಸುತ್ತಾನೆ. ಕಡತವು ಸಾಹೇಬರ ಮೇಜಿನ ಮೇಲಿರುವಾಗ ಬಂದ ಕಾಗದಗಳನ್ನು ಪಕ್ಕದಲ್ಲಿಟ್ಟಿದ್ದು, ಕಡತ ಕೆಳಗಿಳಿಯುವ ಮೊದಲು ಅವನ್ನೂ ಸೇರಿಸಿ ಆಜ್ಞೆ ಬರೆಯುವಂತೆ ಇದು.

ಇಲ್ಲಿ ತದಾದ್ಯುತ್ಕರ್ಷವೆಂಬ ಮೀಮಾಂಸಾನ್ಯಾಯವು ಚೆನ್ನಾಗಿ ಹೊಂದುತ್ತದೆ. ಒಂದು ಅಂಗವು ಮುಂದಕ್ಕೆ ಹೋದರೆ ಅದರ ಅನಂತರದವುಗಳೂ ಅದರೊಡನೆಯೇ ಹೋಗತಕ್ಕದ್ದೆಂಬುದು ಆ ನ್ಯಾಯ. ಒಂದು ಪ್ಯಾಕೆಟ್ ಬಾಕಿಗೆ ಸೇರಿತೆಂದರೆ ಒಡೆತನ ಮುಗಿಯುವವರೆಗೆ ಬರುವ ಉಳಿದವೂ ಅದರ ಹಿಂದೆಯೇ ಸಾಲುಗಟ್ಟುತ್ತವೆ, ಕ್ರಮಭಂಗವಾಗುವುದಿಲ್ಲ. ಹಾಗಿದ್ದರೂ ಉತ್ಕರ್ಷವೆಂಬ ಹೆಸರನ್ನು ವಿದ್ಯಾರ್ಥಿಗಳಿಗೆ ಕಲಿಸತಕ್ಕದ್ದಲ್ಲ. ಕನ್ನಡದಲ್ಲಿ ಅದಕ್ಕೆ ಏಳಿಗೆಯೆಂಬ ಅರ್ಥವೇ ರೂಢಿ. ಮುಂದೂಡಿಕೆ, ಬಾಕಿ ಎಂಬ ಶಬ್ದಗಳೇ ಸಾಕು. ಬಾಕಿಯೆಂಬುದು ಹೊರಗಿನಿಂದ ಬಂದ ಶಬ್ದವಾದರೂ, ತೀರಿಸಲೇಬೇಕಾದದ್ದೆಂಬ ಭಾವವು ಅದರಲ್ಲಿ ಹಾಸುಹೊಕ್ಕಾಗಿದೆ. ಇಲ್ಲಿ ಬೇಕಾಗಿರುವುದೂ ಅದೇ. ಕೈಪಿಡಿಯಲ್ಲಿ ಈ ಸಾಕೆಟ್ ಪ್ರಕ್ರಿಯೆಗೆ ಒಂದು ಪ್ರಕರಣವಿಲ್ಲದಿರುವುದು ಕೊರತೆಯೇ ಸರಿ.

೬

ಬಾಕಿಗೆ ಮಿತಿಯೂ ಬೇಕು. ೧೯೯೬ರಲ್ಲಿ ಜೆಫ್ರಿ ಮೊಗಲ್ ಹಾಗೂ ಕೆ. ಕೆ. ರಾಮಕೃಷ್ಣನ್ ಎಂಬವರು ಒಂದು ವಿಚಿತ್ರ ವ್ಯಾಧಿಯನ್ನು ನಿರೂಪಿಸಿದರು. ಇವರಲ್ಲಿ ಎರಡನೆಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದವರು. ಪ್ಯಾಕೆಟ್‌ಗಳು ಅತಿಯಾಗಿ ಬಂದಾಗ ಪ್ರೊಸೆಸರು ಇಂಟರಪ್ಟುಗಳಿಗೆ ಓಗೊಡುವುದರಲ್ಲಿಯೇ ಸವೆದು, ಒಂದು ಪ್ಯಾಕೆಟನ್ನೂ ಗುರಿ ಮುಟ್ಟಿಸಲಾರದೆ ಹೋಗುತ್ತದೆ. ದುಡಿಮೆ ಅಪಾರ, ಫಲ ಶೂನ್ಯ. ಲಿನಕ್ಸಿನಲ್ಲಿ ಇದಕ್ಕೆ ಔಷಧವಾಗಿ ಬಂದುದು ಜಮಾಲ್ ಹಾದಿ ಸಲೀಮ್, ರಾಬರ್ಟ್ ಓಲ್ಸನ್, ಅಲೆಕ್ಸಿ ಕುಜ್ನೆಟ್ಸೊವ್ ಎಂಬವರು ೨೦೦೧ರಲ್ಲಿ ಪ್ರಕಟಿಸಿದ ನ್ಯಾಪಿ ಎಂಬ ಕ್ರಮ. ಮೊದಲ ಪ್ಯಾಕೆಟಿಗೆ ಮಾತ್ರ ಇಂಟರಪ್ಟು. ಅನಂತರ ಕಾರ್ಡಿನ ಬಾಯಿ ಮುಚ್ಚಿಸಿ, ಸಾಫ್ಟ್‌ಐಆರ್‌ಕ್ಯೂ ತಾನೇ ಹೋಗಿ ಬಂದಿರುವುದನ್ನೆಲ್ಲ ಎತ್ತಿಕೊಳ್ಳುವುದು. ಒಮ್ಮೆ ಮಾಡಿದ ಕರ್ಮವು ಹಲವಕ್ಕೆ ಉಪಕರಿಸುವುದನ್ನು ಮೀಮಾಂಸಕರು ತಂತ್ರವೆನ್ನುತ್ತಾರೆ. ಇದು ಅದೇ.

ಎತ್ತಿಕೊಳ್ಳುವುದಕ್ಕೂ ಅಳತೆಯುಂಟು. ಸಾಮಾನ್ಯವಾಗಿ ಒಂದು ಕಾರ್ಡಿನಿಂದ ಒಂದು ಸಲಕ್ಕೆ ೬೪, ಎಲ್ಲ ಕಾರ್ಡುಗಳಿಂದ ಒಟ್ಟು ೩೦೦ ಪ್ಯಾಕೆಟ್‌ಗಳು. ಇಷ್ಟಾದರೂ ಸಾಫ್ಟ್‌ಐಆರ್‌ಕ್ಯೂ ಮತ್ತೆ ಮತ್ತೆ ಏಳುತ್ತಿದ್ದರೆ ಉಳಿದ ಕೆಲಸವನ್ನು ಇತರ ಪ್ರೋಸೆಸ್ಸುಗಳ ಸಾಲಿನಲ್ಲಿಯೇ ನಿಲ್ಲುವ ಒಬ್ಬ ಸಾಮಾನ್ಯ ಸೇವಕನಿಗೆ ಒಪ್ಪಿಸಲಾಗುತ್ತದೆ. ಸಾಕೆಟಿನ ಬಾಕಿಗೂ ೨೦೧೦ರಲ್ಲಿ ಮೇರೆಯನ್ನು ಕಟ್ಟಲಾಯಿತು. ಮೇರೆ ಮೀರಿ ಬಂದ ಪ್ಯಾಕೆಟನ್ನು ಬಿಟ್ಟುಬಿಡುವುದೇ ವಿಧಿ. ಕಾಲುವೆಯ ತಲೆಯಲ್ಲಿರುವವನ ದಾಹ ತೀರುವವರೆಗೆ ನೀರು ಮುಂದೆ ಹೋಗಬಾರದೆಂದರೆ ಕೊನೆಯಂಚಿನ ಗದ್ದೆ ಎಂದಿಗೂ ನೆನೆಯದು. ಕೈಪಿಡಿಯ ದೃಷ್ಟಿಯೆಲ್ಲ ‘ತಪ್ಪಾಗದಿರಲಿ’ ಎಂಬುದರ ಮೇಲೆ ನೆಟ್ಟಿದೆ. ‘ಎಲ್ಲರಿಗೂ ದೊರೆಯಲಿ’ ಎಂಬುದರ ವಿಚಾರ ಅದರಲ್ಲಿ ವಿರಳ.

೭

ಇನ್ನು ಕಟ್ಟನ್ನೇ ಬಿಟ್ಟು ಮುಂದೂಡಿಕೆಯೊಂದರಿಂದಲೇ ಕ್ಷೇಮವನ್ನು ಸಾಧಿಸುವ ಮಾರ್ಗವೊಂದುಂಟು. ಅದಕ್ಕೆ ಆರ್‌ಸಿಯು ಎಂದು ಹೆಸರು. ಜಾಲದ ಮಾರ್ಗಪಟ್ಟಿಯನ್ನು ಓದುವವರು ಅಸಂಖ್ಯರು, ತಿದ್ದುವವರು ವಿರಳ. ಓದುವ ಪ್ರತಿಯೊಬ್ಬನೂ ಕಟ್ಟು ಹಿಡಿಯಬೇಕೆಂದರೆ ಕಾಲಹರಣ. ಆದುದರಿಂದ ತಿದ್ದುವವನು ಹಳೆಯದನ್ನು ಮುಟ್ಟದೆ ಹೊಸ ಪ್ರತಿಯೊಂದನ್ನು ಸಿದ್ಧಪಡಿಸಿ ಹೊಸಬರಿಗೆ ಅದನ್ನು ತೋರುತ್ತಾನೆ. ಹಳೆಯದನ್ನು ಓದುತ್ತಿದ್ದವರೆಲ್ಲರೂ ಮುಗಿಸಿದ ಮೇಲೆ ಅದನ್ನು ವಿಸರ್ಜಿಸುತ್ತಾನೆ. ಮಠದ ಭಂಡಾರದಲ್ಲಿ ಓಲೆಯ ಹೊಸ ಪ್ರತಿ ಸಿದ್ಧವಾದರೂ, ಹಳೆಯ ಕಟ್ಟನ್ನು ಬಿಚ್ಚಿ ಓದುತ್ತಿರುವ ವಿದ್ಯಾರ್ಥಿಯ ಕೈಯಿಂದ ಅದನ್ನು ಕಿತ್ತುಕೊಳ್ಳದಿರುವ ಸೌಜನ್ಯವೇ ಇದು.

ಕರ್ನಾಟಕದ ನೆಲಕ್ಕೂ ಈ ಮಾರ್ಗಕ್ಕೂ ನಂಟುಂಟು. ೨೦೦೧ರ ಆಟವಾ ಲಿನಕ್ಸ್ ಸಮ್ಮೇಳನದಲ್ಲಿ ಪಾಲ್ ಮೆಕೆನ್ನಿ ಮೊದಲಾದ ಏಳು ಜನರು ಆರ್‌ಸಿಯು ಕುರಿತ ಪ್ರಬಂಧವನ್ನು ಮಂಡಿಸಿದರು. ಅವರಲ್ಲಿ ದೀಪಂಕರ್ ಶರ್ಮಾ, ಮನೀಶ್ ಸೋನಿ ಎಂಬಿಬ್ಬರು ಬೆಂಗಳೂರಿನ ಐಬಿಎಂ ಪ್ರಯೋಗಾಲಯದವರು. ನಮ್ಮ ಕೈಪಿಡಿಯ ಕರ್ತೃವಾದ ರಸೆಲ್ಲರೂ ಅವರಲ್ಲೊಬ್ಬರು. ೨೦೦೨ರ ಅಕ್ಟೋಬರಿನಲ್ಲಿ ೨.೫.೪೩ನೆಯ ಆವೃತ್ತಿಯೊಡನೆ ಆರ್‌ಸಿಯು ಲಿನಕ್ಸಿನೊಳಗೆ ಸೇರಿತು. ಬೆಂಗಳೂರಿನಲ್ಲಿ ಕುಳಿತು ಇಂಥ ಶಾಸ್ತ್ರಕ್ಕೆ ಕೈಜೋಡಿಸಬಹುದಾದರೆ, ಬಳ್ಳಾರಿಯಲ್ಲಿ ಕುಳಿತು ಅದನ್ನು ಕನ್ನಡದಲ್ಲಿ ಅರ್ಥಮಾಡಿಕೊಳ್ಳಲಾಗದೆಂಬುದು ಸಲ್ಲದ ಮಾತು.

೮

ತಾತ್ಪರ್ಯನಿರ್ಣಯಕ್ಕೆ ಪ್ರಾಚೀನರು ಹೇಳಿದ ಆರು ಲಿಂಗಗಳಿಂದ ಕೈಪಿಡಿಯನ್ನು ಅಳೆದರೆ ಗುಣಗಳೇ ಹೆಚ್ಚು. ಸರಳವಾಗಿಡು, ಹೊಸ ಕಟ್ಟುಗಳನ್ನು ಹೆಚ್ಚಿಸಬೇಡ ಎಂಬುದು ಅದರ ಉಪದೇಶ. ಅಭ್ಯಾಸವೂ ಇದಕ್ಕೆ ಅನುಗುಣವಾಗಿದೆ. ವಿನೋದೋಕ್ತಿಗಳು ಅರ್ಥವಾದದ ಕೆಲಸವನ್ನು ಮಾಡಿ ಓದುಗನನ್ನು ಹಿಡಿದಿಡುತ್ತವೆ. ಉಪಪತ್ತಿಯಂತೂ ಶ್ಲಾಘ್ಯ. ಒಂದೇ ಒಂದು ಚಿಕ್ಕ ಸಂಗ್ರಹದ ಉದಾಹರಣೆಯನ್ನು ಹಿಡಿದು, ಅದನ್ನು ಮೊದಲು ಪ್ರೋಸೆಸ್ಸಿಗೆ ಮಾತ್ರ, ಬಳಿಕ ಇಂಟರಪ್ಟಿಗೂ, ಬಳಿಕ ಹೊರಗಿನವರಿಗೂ ತೆರೆದು, ಕೊನೆಗೆ ಆರ್‌ಸಿಯುವರೆಗೆ ನಡೆಸಿಕೊಂಡು ಹೋಗಿರುವುದು ಒಳ್ಳೆಯ ಅಧ್ಯಾಪಕನ ಲಕ್ಷಣ. ಒಂದೇ ಪ್ರಯೋಗವು ಬೆಳೆಯುವುದನ್ನು ಕಂಡ ವಿದ್ಯಾರ್ಥಿಗೆ ಸೂತ್ರವು ಮರೆಯದು.

ದೋಷಗಳಲ್ಲಿ ಎರಡನ್ನು ಮೇಲೆ ಹೇಳಿಯಾಯಿತು. ಮೂರನೆಯದು ಸಂಜ್ಞೆಗಳ ಹಳಸಲು. ಬಾಟಮ್ ಹಾಫ್ ಎಂಬ ಸಾಧನವು ಅಳಿದರೂ ಕಟ್ಟಿನ ಹೆಸರಿನ ಕೊನೆಯಲ್ಲಿ ‘ಬಿಎಚ್’ ಎಂಬ ಅಕ್ಷರಗಳು ಉಳಿದಿವೆ. ಗ್ರಂಥಕರ್ತರು ಇದನ್ನು ತಾವೇ ಒಪ್ಪಿ ಕಾರಣ ಹೇಳಿರುವುದರಿಂದ ಕ್ಷಮ್ಯ. ೨೦೨೪ರ ೬.೧೨ನೆಯ ಆವೃತ್ತಿಯಲ್ಲಿ ಮುಖ್ಯಧಾರೆಗೆ ಸೇರಿದ ರಿಯಲ್‌ಟೈಮ್ ವಿಧಾನವನ್ನು ಆಯ್ದುಕೊಂಡರೆ ಸ್ಪಿನ್‌ಲಾಕ್ ಎಂಬ ಅದೇ ಹೆಸರಿನ ಕಟ್ಟಿನಲ್ಲಿ ಕಾಯುವವನು ಸುತ್ತುವುದಿಲ್ಲ, ನಿದ್ರಿಸುತ್ತಾನೆ. ನಿಜವಾಗಿ ಸುತ್ತುವುದಕ್ಕೆ ಬೇರೊಂದು ವಿಶೇಷಣ ಸೇರಬೇಕು. ಶಬ್ದ ನಿಂತು ಅರ್ಥ ನಡೆದುಹೋಗುವ ಈ ಪರಿ ನಿರುಕ್ತವನ್ನು ಓದಿದವರಿಗೆ ಅಪರಿಚಿತವಲ್ಲ. ಹೆಸರನ್ನು ಮಾತ್ರ ಕಲಿತವನು ಇಂಥಲ್ಲಿ ಎಡವುತ್ತಾನೆ. ಕಾಯಬಲ್ಲವನು ಯಾರು, ಕಾಯಲಾರದವನು ಯಾರು ಎಂಬ ವಿಚಾರವನ್ನು ಕಲಿತವನು ಎಡವುವುದಿಲ್ಲ.

ಆದುದರಿಂದ ನಮ್ಮ ಅಧ್ಯಾಪಕ ಮಹಾಶಯರಲ್ಲಿ ವಿಜ್ಞಾಪನೆಯಿಷ್ಟೆ. ಈ ಕೈಪಿಡಿಯನ್ನು ಕನ್ನಡಕ್ಕೆ ತರುವವರು ಕೋಷ್ಟಕದಿಂದ ಆರಂಭಿಸದೆ ಕಾರಣದಿಂದ ಆರಂಭಿಸಲಿ. ಬೀಗವೆನ್ನದೆ ಕಟ್ಟೆನ್ನಲಿ. ಸಾಕೆಟಿನ ಬಾಕಿಗೂ ಬಾಕಿಯ ಮಿತಿಗೂ ಒಂದೊಂದು ಪ್ರಕರಣವನ್ನು ಸೇರಿಸಲಿ. ಉದಾಹರಣೆಗಳಿಗಾಗಿ ದೂರ ಹೋಗಬೇಕಾಗಿಲ್ಲ. ಸಿರುಗುಪ್ಪದ ಕಾಲುವೆಯ ಏರಿಯೂ ಬಳ್ಳಾರಿಯ ಕಚೇರಿಯ ಆವಕ ವಹಿಯೂ ಅದಕ್ಕೆ ಸಾಕಾಗುವುವು.